ರೂಟರ್‌ಗೆ ಡ್ರ್ಯಾಗ್ ನೈಫ್ ಹಾಕಿ ಕನ್ನಡ ಅಕ್ಷರ ಕತ್ತರಿಸುವುದು: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಹಾಸನದಲ್ಲಿ ನಮ್ಮದು ಸೈನ್ ಬೋರ್ಡ್ ಅಂಗಡಿ. 4×8 ಅಡಿ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಕತ್ತರಿಸುವ ಮೆಷಿನ್) ಇದೆ. ಇಷ್ಟು ದಿನ ಎಂಡಿಎಫ್ (ಮರದ ನಾರಿನ ಹಲಗೆ), ಅಕ್ರಿಲಿಕ್ ಮಾತ್ರ ಕತ್ತರಿಸುತ್ತಿದ್ದೆವು. ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂದ ಮೇಲೆ ವಿನೈಲ್ (ಅಂಟಿಸುವ ಪ್ಲಾಸ್ಟಿಕ್ ಶೀಟ್) ಅಕ್ಷರಗಳ ಆರ್ಡರ್ ಜಾಸ್ತಿ ಆಗಿದೆ. ಅದಕ್ಕೇ ಡ್ರ್ಯಾಗ್ ನೈಫ್, ಅಂದರೆ ಶೀಟಿನ ಮೇಲೆ ಎಳೆದು ಕತ್ತರಿಸುವ ಚಾಕು, ತಂದು ಹಾಕಿದೆ. ಮೂಲೆಗಳೆಲ್ಲ ದುಂಡಗಾಗುತ್ತಿವೆ. ಒಂದು ಕಡೆ ಕೆಳಗಿನ ಪೇಪರ್ ಸಮೇತ ಸೀಳುತ್ತದೆ, ಇನ್ನೊಂದು ಕಡೆ ವಿನೈಲೇ ಕಟ್ ಆಗುವುದಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಸ್ಪಿಂಡಲ್, ಅಂದರೆ ಬಿಟ್ ತಿರುಗಿಸುವ ಮೋಟಾರ್ ವಿಷಯ. ಚಾಕು ಹಾಕಿದಾಗ ಸ್ಪಿಂಡಲ್ ತಿರುಗಲೇಬಾರದು. ಜಿ-ಕೋಡ್‌ನಲ್ಲಿ (ಮೆಷಿನ್ನಿಗೆ ಕೊಡುವ ಆದೇಶಗಳ ಫೈಲ್) ಎಂ3, ಅಂದರೆ ಸ್ಪಿಂಡಲ್ ಶುರು ಮಾಡುವ ಆದೇಶ ಇರುವ ಸಾಲು ತೆಗೆಯಿರಿ, ಸ್ಪಿಂಡಲ್‌ನ ವೇಗ ನಿಯಂತ್ರಿಸುವ ವಿಎಫ್‌ಡಿಯನ್ನೂ ಆಫ್ ಮಾಡಿ. ಆ ಹೋಲ್ಡರ್ ಸಾವಿರಾರು ಆರ್‌ಪಿಎಂನಲ್ಲಿ ತಿರುಗಿದರೆ ಬ್ಲೇಡ್ ಎಲ್ಲಿಗೆ ಹಾರುತ್ತದೋ ಹೇಳೋಕಾಗಲ್ಲ.

ಈಗ ಮೂಲೆಗೆ ಬರೋಣ. ಬ್ಲೇಡಿನ ತುದಿ ಹೋಲ್ಡರಿನ ನಡುಮಧ್ಯ ಇರುವುದಿಲ್ಲ, ಸ್ವಲ್ಪ ಹಿಂದೆ ಇರುತ್ತದೆ. ಟ್ರ್ಯಾಕ್ಟರ್ ತಿರುಗಿದ ಮೇಲೆ ಟ್ರೇಲರ್ ತಿರುಗುತ್ತಲ್ಲ, ಹಾಗೆ ಇದೂ ಹಿಂದಿನಿಂದ ಎಳೆದುಕೊಂಡು ಬರುತ್ತದೆ. ಈ ಅಂತರಕ್ಕೆ ಆಫ್‌ಸೆಟ್ ಅಂತಾರೆ. ಪ್ಲಾಟರ್ ಮಾದರಿಯ ಸಣ್ಣ ಬ್ಲೇಡಿಗೆ ಸಾಮಾನ್ಯವಾಗಿ 0.25 ಮಿಮೀ. ದೊಡ್ಡ ಹೋಲ್ಡರ್‌ಗಳಲ್ಲಿ ಇನ್ನೂ ಜಾಸ್ತಿ, ಅದನ್ನು ಕೊಟ್ಟವರನ್ನೇ ಕೇಳಿ. ಮಾಮೂಲಿ ಟೂಲ್‌ಪಾತ್‌ಗೆ (ಮೆಷಿನ್ ಸಾಗುವ ದಾರಿ) ಈ ಅಂತರ ಗೊತ್ತಿಲ್ಲ. ಡ್ರ್ಯಾಗ್ ನೈಫ್ ಟೂಲ್‌ಪಾತ್ ಆದರೆ ಮೂಲೆಯಲ್ಲಿ ಆಫ್‌ಸೆಟ್‌ನಷ್ಟು ಮುಂದೆ ಹೋಗಿ, ಸಣ್ಣ ಕಮಾನಿನಲ್ಲಿ ಬ್ಲೇಡನ್ನು ತಿರುಗಿಸಿ, ಆಮೇಲೆ ಹೊಸ ದಿಕ್ಕು ಹಿಡಿಯುತ್ತದೆ. ವಿಕಾರ್ವ್‌ನಂಥ ಟೂಲ್‌ಪಾತ್ ಸಾಫ್ಟ್‌ವೇರ್‌ನಲ್ಲಿ ಈ ಸೌಲಭ್ಯ ಸಿಗುತ್ತದೆ.

10 ಮಿಮೀ ಚೌಕ ಕತ್ತರಿಸಿ ನೋಡಿ. ಮೂಲೆ ದುಂಡಗಿದ್ದರೆ ನೀವು ಕೊಟ್ಟ ಆಫ್‌ಸೆಟ್ ಕಮ್ಮಿ. ಮೂಲೆಯಲ್ಲಿ ಕಿವಿಯ ಹಾಗೆ ಹೊರಗೆ ಚಾಚಿದರೆ ಜಾಸ್ತಿ. 0.05ರಷ್ಟು ಹೆಚ್ಚುಕಮ್ಮಿ ಮಾಡುತ್ತಾ ಹೋಗಿ, ಸರಿಯಾಗುತ್ತದೆ.

ಆಳದ ತೊಂದರೆಗೆ ಕಾರಣ ನಿಮ್ಮ ಬೆಡ್. ವಿನೈಲ್ ದಪ್ಪ 0.08 ಮಿಮೀ ಆಸುಪಾಸು. ರೂಟರಿನ ಎಂಡಿಎಫ್ ಬೆಡ್‌ನ ಏರುತಗ್ಗು ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಝಡ್ (ಚಾಕುವಿನ ಎತ್ತರ) ಎಷ್ಟು ನಾಜೂಕಾಗಿ ಹೊಂದಿಸಿದರೂ ಇಡೀ ಶೀಟಿಗೆ ಒಂದೇ ಆಳ ಬರಲ್ಲ. ಸ್ಪ್ರಿಂಗ್ ಇರುವ ಹೋಲ್ಡರ್ ತಗೊಳ್ಳಿ. ಅದರ ಮೂತಿ ವಿನೈಲ್ ಮೇಲೆ ಕೂತು ಜಾರುತ್ತದೆ, ಮೂತಿಯಿಂದ ಹೊರಗೆ ಚಾಚಿದ ಬ್ಲೇಡ್ ಎಷ್ಟೋ ಅಷ್ಟೇ ಆಳ. ಸ್ಪ್ರಿಂಗ್ ಒಂದು ಮಿಮೀ ಒತ್ತುವಷ್ಟು ಝಡ್ ಇಳಿಸಿದರೆ ಸಾಕು. ಅಕ್ಷರ ಕಿತ್ತಮೇಲೆ ಕೆಳಗಿನ ಪೇಪರ್ ಮೇಲೆ ಉಗುರಾಡಿಸಿ. ಗೆರೆ ತೆಳ್ಳಗೆ ತಾಗಬೇಕು, ಪೇಪರ್ ತೂತಾಗಬಾರದು.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಚೌಕ ಈಗ ನೀಟಾಗಿ ಬಂತು. ಆದರೆ ಅಕ್ಷರಗಳಲ್ಲಿ ತಲೆಕಟ್ಟು ಸೇರುವ ಕಡೆ ಒಳಗೆಲ್ಲ ಗೀರು ಬೀಳುತ್ತಿದೆ. ಒತ್ತಕ್ಷರ ಕಿತ್ತುಕೊಂಡು ಬರುತ್ತಿದೆ.

ಉತ್ತರ: ಇಲ್ಲಿ ಚಾಕುವಿನದ್ದೇನೂ ತಪ್ಪಿಲ್ಲ, ಫೈಲ್ ಸರಿ ಮಾಡಬೇಕು. ಎಷ್ಟೋ ಕನ್ನಡ ಫಾಂಟ್‌ಗಳಲ್ಲಿ ಅಕ್ಷರ, ಗುಣಿತದ ಗುರುತು, ಒತ್ತು ಬೇರೆ ಬೇರೆ ತುಂಡುಗಳು. ಒಂದರ ಮೇಲೊಂದು ಕೂತಿರುತ್ತವೆ. ಪ್ರಿಂಟ್‌ನಲ್ಲಿ ಕಾಣಲ್ಲ, ಚಾಕು ಮಾತ್ರ ಒಂದೊಂದು ತುಂಡಿನ ಅಂಚನ್ನೂ ಕತ್ತರಿಸುತ್ತದೆ. ಕೋರೆಲ್ ಡ್ರಾ ಸಾಫ್ಟ್‌ವೇರ್‌ನಲ್ಲಿ ಅಕ್ಷರಗಳನ್ನು ಕರ್ವ್‌ಗೆ (ಗೆರೆಗಳಿಗೆ) ಬದಲಿಸಿ, ಒಂದೊಂದು ಅಕ್ಷರದ ತುಂಡುಗಳನ್ನೂ ವೆಲ್ಡ್ ಮಾಡಿ, ಅಂದರೆ ಒಂದೇ ಆಕಾರವಾಗಿ ಸೇರಿಸಿ. ಆಮೇಲೆ ವೈರ್‌ಫ್ರೇಮ್‌ನಲ್ಲಿ (ಬರೀ ಅಂಚಿನ ಗೆರೆ ಕಾಣುವ ನೋಟ) ನೋಡಿ, ಒಂದನ್ನೊಂದು ದಾಟುವ ಗೆರೆ ಉಳಿದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಬೇಡದ ನೋಡ್‌ಗಳನ್ನೂ (ಗೆರೆಯ ಮೇಲಿನ ಬಿಂದುಗಳು) ಅಳಿಸಿ. ಇಲ್ಲದಿದ್ದರೆ ನುಣುಪಾಗಿ ಹೋಗಬೇಕಾದ ತಿರುವಿನಲ್ಲೂ ಮೂಲೆ ಬಂತು ಅಂದುಕೊಂಡು ಮೆಷಿನ್ ನಿಂತು ನಿಂತು ತಿರುಗುತ್ತದೆ.

ಒತ್ತು ಕಿತ್ತು ಬರುವುದು ಶುರು ಮತ್ತು ಕೊನೆ ಕೂಡದಿದ್ದಾಗ. ಶುರುವಾದ ಜಾಗ ದಾಟಿ ಅರ್ಧದಿಂದ ಒಂದು ಮಿಮೀ ಮುಂದೆ ಹೋಗುವಂತೆ ಓವರ್‌ಕಟ್ ಕೊಡಿ. ಕೆಲಸ ಶುರು ಮಾಡುವ ಮೊದಲು ವೇಸ್ಟ್ ಜಾಗದಲ್ಲಿ ಒಂದು ಗೆರೆ ಎಳೆಸಿ, ಬ್ಲೇಡ್ ದಿಕ್ಕಿಗೆ ಬರಲಿ. ಫೀಡ್ (ಚಾಕು ಸಾಗುವ ವೇಗ) 1000 ಮಿಮೀ/ನಿಮಿಷದಿಂದ ಶುರು ಮಾಡಿ. ತೀರಾ ಚಿಕ್ಕ ಒತ್ತುಗಳಿಗೆ ಇನ್ನೂ ಇಳಿಸಿ. ಸುರುಳಿಯ ಅಗಲವೇ ಆಫ್‌ಸೆಟ್ ಹತ್ತಿರ ಬಂದರೆ ಬ್ಲೇಡ್ ತಿರುಗೋಕೆ ಜಾಗವೇ ಇರಲ್ಲ. ಅಂಥ ಕಡೆ ಅಕ್ಷರ ದೊಡ್ಡದು ಮಾಡಿ ಅಂತ ಗಿರಾಕಿಗೆ ಹೇಳುವುದೇ ಒಳ್ಳೆಯದು. ಒತ್ತು ಮುರಿದ ಕನ್ನಡ ಬೋರ್ಡ್ ನೋಡೋಕೆ ಬೇಜಾರಾಗುತ್ತದೆ.

ಇನ್ನೊಬ್ಬರ ಪ್ರಶ್ನೆ: ನಮ್ಮಲ್ಲಿ ಲೇಸರ್ ಇದೆ. ಇಷ್ಟೆಲ್ಲ ಯಾಕೆ, ವಿನೈಲ್ ಅದರಲ್ಲೇ ಕತ್ತರಿಸಬಹುದು ಅಲ್ವಾ?

ಉತ್ತರ: ದಯವಿಟ್ಟು ಬೇಡ. ಈ ವಿನೈಲ್ ಅಂದರೆ ಪಿವಿಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಉಸಿರಾಟಕ್ಕೂ ಕೆಟ್ಟದ್ದು, ಮೆಷಿನ್ನಿನ ಲೋಹವನ್ನೂ ತುಕ್ಕು ಹಿಡಿಸುತ್ತದೆ.

ಪ್ರಶ್ನೆ: ಸರ್, ಕೊನೆಯದಾಗಿ, ಇದೇ ಚಾಕುವಿನಲ್ಲಿ ಬೇರೆ ಏನೇನು ಕತ್ತರಿಸಬಹುದು?

ಉತ್ತರ: ಕಾರ್ಡ್ ಶೀಟ್, ಗ್ಯಾಸ್ಕೆಟ್ ಪೇಪರ್, ತೆಳು ಚರ್ಮ ಆಗುತ್ತದೆ. ಚರ್ಮಕ್ಕೆ ಒಂದೇ ಸಲ ಒತ್ತಬೇಡಿ, ಎರಡು ಮೂರು ಪಾಸ್ ಕೊಡಿ. ವಿನೈಲ್‌ಗೆ 45 ಡಿಗ್ರಿ ಬ್ಲೇಡ್ ಸಾಕು, ದಪ್ಪ ಜಾಸ್ತಿಯಾದರೆ 60 ಹಾಕಿ. ವೆನೀರ್ ಕಷ್ಟ, ಬ್ಲೇಡ್ ಮರದ ಎಳೆ ಹಿಡಿದು ಅಡ್ಡ ಓಡುತ್ತದೆ. 5 ಮಿಮೀ ಸನ್‌ಬೋರ್ಡ್‌ಗೆ (ಫೋಮ್ ಶೀಟ್) ಈ ಚಾಕು ಬೇಡ. ಅದಕ್ಕೆ ಮೋಟಾರ್ ತಿರುಗಿಸುವ ಟ್ಯಾಂಜೆನ್ಶಿಯಲ್ ನೈಫ್ ಬೇಕು, ಇಲ್ಲ ಅಂದರೆ ನಿಮ್ಮ ರೂಟರಿಗೆ ಹಾಕುವ ಮಾಮೂಲಿ ಕಟಿಂಗ್ ಬಿಟ್ ಸಾಕು.