ಅಗೆಯುವುದನ್ನು ಬಿಡಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಒಬ್ಬರು ಅಕ್ಕ ಕೇಳಿದ್ದು: ನಮ್ಮ ಸಂಘದಲ್ಲಿ 18 ಜನ ಸಣ್ಣ ರೈತರು. ಎಲ್ಲರದ್ದೂ ಎಕರೆಯೊಳಗಿನ ಅಡಿಕೆ ತೋಟ. ಮಣ್ಣು ಉಳಿಸುವ ಕೃಷಿಯ ತರಬೇತಿ ಕೊಟ್ಟೆವು. ಅಗೆತ ಕಡಿಮೆ, ನೆಲಕ್ಕೆ ಸದಾ ಹೊದಿಕೆ, ಒಂದೇ ಬೆಳೆಯ ಬದಲು ಹಲವು ಬೆಳೆ. ಎಲ್ಲರೂ ತಲೆಯಾಡಿಸಿದರು. ಮಳೆ ಮುಗಿದದ್ದೇ ಮತ್ತೆ ಪಿಕ್ಕಾಸು ಹಿಡಿದರು, ಬಿದ್ದ ಸೋಗೆಗೆ (ಅಡಿಕೆಯ ಒಣ ಗರಿಗೆ) ಬೆಂಕಿ ಹಾಕಿದರು. ಏನು ಮಾಡುವುದು?

ಬದಿಯಡ್ಕದಿಂದ: ಅಕ್ಕಾ, ಮೊದಲ ವರ್ಷ ನಮಗೂ ಹೀಗೇ ಆಯಿತು. ಸಭೆಗೆ ಬಂದವರು ತೋಟದ ಯಜಮಾನರು. ಪಿಕ್ಕಾಸು ಹಿಡಿಯುವವರು ಬಂದಿರಲಿಲ್ಲ. ಅವರಿಗೆ "ಅಗೆಯಬೇಡಿ" ಅಂದರೆ ಕೂಲಿ ಹೋಯಿತು ಅಂತಲೇ ಅರ್ಥ. ಮರುವರ್ಷ ಅವರನ್ನೂ ಕೂರಿಸಿಕೊಂಡೆವು. ಅಗೆಯುವ ದಿನಗಳಲ್ಲಿ ಸೊಪ್ಪು ತರುವುದು, ಬುಡಕ್ಕೆ ಸೋಗೆ ಹರಡುವುದು ಅಂತ ಮಾತಾಯಿತು. ಕೆಲಸ ಉಳಿಯಿತು, ಅಗೆತ ನಿಂತಿತು.

ಭಾಷಣ ಬೇಡ. ಸೋಗೆ ಸರಿಸಿ, ಕೈಯಲ್ಲೇ ಮಣ್ಣು ಕೆದಕಿಸಿ. ಅಡಿಕೆಯ ಹೆಚ್ಚಿನ ಬೇರು ಮೇಲಿನ ಎರಡಡಿಯೊಳಗೇ ಇರುತ್ತದೆ. ಬಿಳಿ ಬೇರು ಕಣ್ಣಿಗೆ ಬಿದ್ದ ಮೇಲೆ ಅಲ್ಲಿ ಪಿಕ್ಕಾಸು ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಆಮೇಲೆ ಎರಡು ಗಾಜಿನ ಭರಣಿಯಲ್ಲಿ ನೀರಿಟ್ಟು, ಬೋಳು ನೆಲದ ಒಣ ಹೆಂಟೆ ಒಂದಕ್ಕೆ, ಸೋಗೆಯಡಿಯ ಒಣ ಹೆಂಟೆ ಇನ್ನೊಂದಕ್ಕೆ ಮೆಲ್ಲ ಬಿಡಿ. ನಮ್ಮಲ್ಲಿ ಮೊದಲಿನದು ಆಗಲೇ ಕರಗಿ ನೀರು ಕೆಂಪಾಯಿತು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಊರು ನಮ್ಮದು. ಹೊಳೆಗೆ ಏನು ಹೋಗುತ್ತಿದೆ ಎಂದು ಬಿಡಿಸಿ ಹೇಳಬೇಕಾಗಲಿಲ್ಲ.

ಅಗೆಯದೆ ಹೊದಿಸಿ ನೋಡಲು ಇಡೀ ತೋಟ ಕೇಳಬೇಡಿ. ಎರಡು ಸಾಲು ಕೇಳಿ.

ಪೆರ್ಲದಿಂದ: ಹೊದಿಕೆಯ ತೊಂದರೆಗಳನ್ನೂ ಮೊದಲೇ ಹೇಳಿಬಿಡಿ. ಕೊಳೆರೋಗದ ಕಾಯಿ, ಗೊನೆ ಅಲ್ಲೇ ಬಿಡುವ ಹಾಗಿಲ್ಲ, ಹೆಕ್ಕಿ ಹೊರಗೆ ಸಾಗಿಸಬೇಕು. ಮಳೆಗಾಲದಲ್ಲಿ ನೀರು ಹೋಗುವ ಕಣಿಗೆ ಸೋಗೆ ಬೀಳಬಾರದು. ಬುಡದಲ್ಲಿ ನೀರು ನಿಂತರೆ ಅಡಿಕೆ ತಡೆಯುವುದಿಲ್ಲ. ಇನ್ನು ಬಿದ್ದ ಅಡಿಕೆ ಹೆಕ್ಕುವವರಿಗೆ ಹಾವಿನ ಹೆದರಿಕೆ. ಅದನ್ನು ಸುಮ್ನೆ ತಳ್ಳಿಹಾಕಬೇಡಿ. ನಾವು ನಡೆಯುವ ದಾರಿ ಬಿಟ್ಟು, ಬುಡದ ಸುತ್ತ ಮಾತ್ರ ಹೊದಿಸುತ್ತೇವೆ. ಹಲವು ಬೆಳೆಗೆ ಕಾಳುಮೆಣಸು, ಬಾಳೆ, ಕೊಕ್ಕೋ ಸಾಕು. ಕೊಕ್ಕೋ ಎಲೆ ತಾನೇ ಉದುರಿ ನೆಲ ಮುಚ್ಚುತ್ತದೆ.

ಕುಂಬಳೆಯಿಂದ: ಭಾಷೆಯ ವಿಷಯ ಒಂದಿದೆ. ನಮಗೆ ಬಂದ ಕರಪತ್ರಗಳೆಲ್ಲ ಮಲಯಾಳಂನಲ್ಲಿದ್ದವು. ನಮ್ಮ ಹಿರಿಯರು ಓದುವುದು ಕನ್ನಡ, ಮಾತಾಡುವುದು ತುಳು. ಪಾಪ, ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಕನ್ನಡದಲ್ಲಿ ಒಂದೇ ಪುಟ ಮಾಡಿ, ತೋಟದಲ್ಲಿ ತುಳುವಿನಲ್ಲಿ ಹೇಳಿ. ಒಂದೇ ದಿನಕ್ಕೆ ಮುಗಿಸಲೂ ಬೇಡಿ. 1989ರಲ್ಲಿ ಇಂಡೋನೇಷ್ಯಾದಲ್ಲಿ ಭತ್ತದ ರೈತರಿಗೆ ಶುರುವಾದ ಹೊಲದ ಪಾಠಶಾಲೆಗಳಲ್ಲಿ ಬೆಳೆಯ ಅವಧಿಯುದ್ದಕ್ಕೂ ವಾರಕ್ಕೊಮ್ಮೆ ಗದ್ದೆಯಲ್ಲೇ ಸೇರುತ್ತಿದ್ದರು. ನಮಗೆ ತಿಂಗಳಿಗೊಮ್ಮೆಯಾದರೂ ಬೇಕು, ಅಲ್ವಾ?

ಮುಳ್ಳೇರಿಯದ ಅಕ್ಕ: ಕೆಲಸದವರನ್ನು ಕರೆಯಬೇಕೆಂದು ನಮಗೆ ಹೊಳೆದೇ ಇರಲಿಲ್ಲ. ಇಬ್ಬರು ಎರಡೆರಡು ಸಾಲು ಬಿಡಲು ಒಪ್ಪಿದ್ದಾರೆ. ದೀಪಾವಳಿ ಕಳೆದ ವಾರವೇ ಸೇರುತ್ತೇವೆ. ಭರಣಿ ನಾನು ತರುತ್ತೇನೆ.