ಟಿಬಿ ಬ್ಯಾಕ್ಟೀರಿಯಾದ ಜೀನೋಮ್ ಗೊತ್ತಿದ್ದರೂ ಸಾವಿರಾರು ಕೆಮಿಕಲ್ ಹಾಕಿ ನೋಡುವುದು ಯಾಕೆ?

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿನಿ, ಮಾನಸಗಂಗೋತ್ರಿ): ನಮಸ್ತೆ ಸರ್. ಟಿಬಿ ಬ್ಯಾಕ್ಟೀರಿಯಾದ ಜೀನೋಮ್ (ಅದರ ಪೂರ್ತಿ ಡಿಎನ್‌ಎ ಬರಹ) 1998ರಲ್ಲೇ ಸಿಕ್ಕಿದೆ, ಸುಮಾರು 4,000 ಜೀನ್. ಅದು ಬದುಕಲು ಬೇಕೇ ಬೇಕಾದ ಒಂದು ಪ್ರೋಟೀನ್ ಆರಿಸಿ, ಅದನ್ನು ತಡೆಯುವ ಮಾಲಿಕ್ಯೂಲ್ ಹುಡುಕಿದರೆ ಸಾಕಲ್ವಾ?

ಉತ್ತರ (ಔಷಧ ಸಂಶೋಧಕ, ಮೈಸೂರು): ದೊಡ್ಡ ಕಂಪನಿಗಳೂ ಹಾಗೇ ಅಂದುಕೊಂಡಿದ್ದವಮ್ಮ. ಜಿಎಸ್‌ಕೆ ಎಂಬ ಔಷಧ ಕಂಪನಿ 1995ರಿಂದ 2001ರವರೆಗೆ ಹೊಸ ಆ್ಯಂಟಿಬಯಾಟಿಕ್‌ಗಾಗಿ ಸುಮಾರು 70 ಸ್ಕ್ರೀನಿಂಗ್ (ರಾಶಿ ಕೆಮಿಕಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸುವುದು) ಮಾಡಿತು. ಹೆಚ್ಚಿನವು ಒಂದೊಂದು ಪ್ರೋಟೀನ್ ಮೇಲೆ. ಲೀಡ್, ಅಂದರೆ ಔಷಧಿಯಾಗಿ ಮುಂದುವರಿಸಬಹುದಾದ ಮಾಲಿಕ್ಯೂಲ್, ಸಿಕ್ಕಿದ್ದು 5 ಮಾತ್ರ. ಟ್ಯೂಬಿನಲ್ಲಿ ಪ್ರೋಟೀನನ್ನು ತಡೆದರೆ ಸಾಲದು. ಮಾಲಿಕ್ಯೂಲ್ ಬ್ಯಾಕ್ಟೀರಿಯಾದ ಗೋಡೆ ದಾಟಬೇಕು, ಒಳಗೆ ಉಳಿಯಲೂ ಬೇಕು. ಟಿಬಿ ಬ್ಯಾಕ್ಟೀರಿಯಾದ್ದಂತೂ ಮೇಣದಂಥ ದಪ್ಪ ಗೋಡೆ. ಅದಕ್ಕೇ ನಾನು ಮೊದಲು ಜೀವಂತ ಬ್ಯಾಕ್ಟೀರಿಯಾ, ಆಮೇಲೆ ಜೀನೋಮ್ ಅನ್ನುವ ಪಕ್ಷ.

ಪ್ರಶ್ನೆ (ನರ್ಸ್, ಮಂಡ್ಯ): ಮಾಮೂಲಿ ಔಷಧಿಗೆ ಜಗ್ಗದ ಟಿಬಿಗೆ ಬೆಡಾಕ್ವಿಲಿನ್ ಕೊಡ್ತಾರಲ್ಲ ಸರ್, ಅದೂ ಹೀಗೇ ಸಿಕ್ಕಿದ್ದಾ?

ಉತ್ತರ: ಹೌದು ಸಿಸ್ಟರ್. ಮೊದಲು ಸ್ಮೆಗ್ಮ್ಯಾಟಿಸ್ ಎಂಬ ನಿರುಪದ್ರವಿ ಸೋದರ ಬ್ಯಾಕ್ಟೀರಿಯಾದ ಮೇಲೆ ಕೆಮಿಕಲ್‌ಗಳನ್ನು ಪರೀಕ್ಷಿಸಿದರು. ಒಂದು ಚೆನ್ನಾಗಿ ಕೊಂದಿತು, ಆದರೆ ಯಾವುದನ್ನು ಹಿಡಿದು ಕೊಲ್ಲುತ್ತಿದೆ ಅಂತ ಗೊತ್ತಿರಲಿಲ್ಲ. ಆಗ ಅದೇ ಔಷಧಿಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಬೆಳೆಸಿ, ಸಾಯದೆ ಉಳಿದವನ್ನು ಆರಿಸಿ ಜೀನೋಮ್ ಓದಿಸಿದರು. ಸ್ಮೆಗ್ಮ್ಯಾಟಿಸ್‌ನಲ್ಲೂ ಟಿಬಿ ಬ್ಯಾಕ್ಟೀರಿಯಾದಲ್ಲೂ ಬದಲಾಗಿದ್ದು ಒಂದೇ ಜೀನ್, ಎಟಿಪಿಇ. ಬ್ಯಾಕ್ಟೀರಿಯಾಕ್ಕೆ ಶಕ್ತಿ ತಯಾರಿಸುವ ಎಟಿಪಿ ಸಿಂಥೇಸ್‌ನ ಒಂದು ಭಾಗ ಅದು. ಈ ಕೆಲಸ 2005ರಲ್ಲಿ ಪ್ರಕಟವಾಯಿತು, 2012ರ ಕೊನೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಷ್ಟು ಜೀನ್‌ಗಳ ಪಟ್ಟಿ ಮುಂದಿಟ್ಟುಕೊಂಡು ಇದನ್ನೇ ಆರಿಸಿ ಅಂದರೆ ಯಾರೂ ಆರಿಸುತ್ತಿರಲಿಲ್ಲವೇನೋ. ನಮ್ಮ ದೇಹದಲ್ಲೂ ಎಟಿಪಿ ಸಿಂಥೇಸ್ ಇದೆಯಲ್ಲ, ಅದನ್ನೂ ತಡೆದರೆ ಅನ್ನುವ ಭಯ!

ಪ್ರಶ್ನೆ (ವಿದ್ಯಾರ್ಥಿನಿ): ಮ್ಯುಟೇಶನ್ (ಬದಲಾವಣೆ) ಕಂಡ ಜೀನೇ ಟಾರ್ಗೆಟ್, ಅಂದರೆ ಔಷಧಿ ಹಿಡಿಯುವ ಗುರಿ, ಅಂತ ಗ್ಯಾರಂಟಿನಾ ಸರ್?

ಉತ್ತರ: ಇಲ್ಲ. ಇದೇ ಬೆಡಾಕ್ವಿಲಿನ್‌ಗೆ ಜಗ್ಗದ ಎಷ್ಟೋ ರೋಗಿಗಳ ಬ್ಯಾಕ್ಟೀರಿಯಾದಲ್ಲಿ ಎಟಿಪಿಇ ಸರಿಯಾಗೇ ಇರುತ್ತದೆ. ಔಷಧಿಯನ್ನು ಹೊರಗೆ ತಳ್ಳುವ ಪಂಪಿನ ಲಗಾಮು ಕೆಟ್ಟಿರುತ್ತದೆ. ಹಾಗಾಗಿ ಬದಲಾದ ಜೀನನ್ನು ಮಾಮೂಲಿ ಬ್ಯಾಕ್ಟೀರಿಯಾಕ್ಕೆ ಹಾಕಿ, ಅದೂ ಬದುಕುತ್ತದಾ ನೋಡಬೇಕು. ಆಗಲೂ ಪಂಪಿನ ಜೀನ್ ಪಾಸಾಗಬಹುದು, ಅದಕ್ಕೇ ಔಷಧಿ ಆ ಪ್ರೋಟೀನಿಗೇ ಅಂಟುತ್ತದೆ ಅಂತಲೂ ತೋರಿಸಬೇಕು.

ಈಗ ಕೊಲ್ಲುವ ಕೆಮಿಕಲ್ ಹುಡುಕುವುದು, ಅದರ ಟಾರ್ಗೆಟ್ ಹುಡುಕುವುದು, ಎರಡೂ ಕೆಲಸ ಒಟ್ಟಿಗೇ ಮಾಡುತ್ತಾರೆ. ಒಂದೊಂದು ತಳಿಯಲ್ಲಿ ಒಂದೊಂದು ಪ್ರೋಟೀನ್ ಕಡಿಮೆ ಮಾಡಿ, ಗುರುತಿಗೆ ಡಿಎನ್‌ಎ ಬಾರ್‌ಕೋಡ್ ಹಾಕಿ, ಎಲ್ಲವನ್ನೂ ಬೆರೆಸಿ ಔಷಧಿ ಹಾಕುವುದು. ಟಾರ್ಗೆಟ್ ಪ್ರೋಟೀನ್ ಮೊದಲೇ ಕಡಿಮೆ ಇರುವ ತಳಿ ಔಷಧಿಗೆ ಬೇಗ ಸೋಲುತ್ತದೆ, ಹಾಗಾಗಿ ಯಾವ ಬಾರ್‌ಕೋಡ್ ಜಾಸ್ತಿ ಕುಗ್ಗಿತೋ ಅಲ್ಲಿಂದ ಹುಡುಕಾಟ ಶುರು. 2019ರಲ್ಲಿ ಟಿಬಿಯಲ್ಲೇ ಹೀಗೆ ಸುಮಾರು 50,000 ಕೆಮಿಕಲ್ ನೋಡಿದರು.

ಪ್ರಶ್ನೆ (ವಿದ್ಯಾರ್ಥಿನಿ): ಈ ಥರ ಟಾರ್ಗೆಟ್ ಹುಡುಕುವುದನ್ನು ಪ್ರಾಜೆಕ್ಟಿಗೆ ಇಲ್ಲೇ ಮಾಡಬಹುದಾ?

ಉತ್ತರ: ಜೀವಂತ ಟಿಬಿ ಬೇಡ, ಅದಕ್ಕೆ ಬಿಎಸ್‌ಎಲ್-3 (ರೋಗಾಣು ಹೊರಬರದಂತೆ ಕಟ್ಟಿದ ಭದ್ರ) ಲ್ಯಾಬ್ ಬೇಕು. ಸ್ಮೆಗ್ಮ್ಯಾಟಿಸ್ ತಗೋ. ಮೂರು ಗಂಟೆಗೆ ದುಪ್ಪಟ್ಟಾಗುತ್ತದೆ. ಸೀಕ್ವೆನ್ಸಿಂಗ್ (ಜೀನೋಮ್ ಓದಿಸುವುದು) ಹೊರಗೆ ಕೊಡಬಹುದು. ಔಷಧಿ ಹಾಕುವ ಮೊದಲಿನ ತಳಿಯನ್ನೂ ಜೊತೆಗೇ ಕಳಿಸು. ಹೋಲಿಸಲು ಅದಿಲ್ಲದಿದ್ದರೆ ಯಾವ ಬದಲಾವಣೆ ಹೊಸದು ಅಂತ ಹೇಳೋಕಾಗಲ್ಲ.