ನಾಲ್ಕೂವರೆಯ ಅಲಾರಾಂ

ಗುಂಪು: ದೊಡ್ಡಮನೆ ಬಳಗ

ದೊಡ್ಡಪ್ಪ, ಚನ್ನರಾಯಪಟ್ಟಣ: (ಚಿತ್ರ) ಹತ್ತನೇ ತರಗತಿ ಮಕ್ಕಳ ಆದರ್ಶ ದಿನಚರಿ. ಬೆಳಗ್ಗೆ 4.30ಕ್ಕೆ ಏಳುವುದು. ರಾತ್ರಿ 11ಕ್ಕೆ ಮಲಗುವುದು.

ದೊಡ್ಡಪ್ಪ: ಓದುವ ಮಕ್ಕಳಿರುವವರೆಲ್ಲ ಇದನ್ನು ಗೋಡೆಗೆ ಅಂಟಿಸಿ. 2019ರಲ್ಲಿ ನಮ್ಮ ಹಾಸನ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದದ್ದು ಮಲಗಿಕೊಂಡಲ್ಲ.

ಚಿಕ್ಕಮ್ಮ, ಸಕಲೇಶಪುರ: ಸರಿಯಾಗಿ ಹೇಳಿದಿರಿ ಭಾವ. ನಮ್ಮ ಹುಡುಗ ಹನ್ನೆರಡಾದರೂ ಕಣ್ಣು ಮುಚ್ಚುವುದಿಲ್ಲ, ಬೆಳಗ್ಗೆ ಎಷ್ಟು ಕೂಗಿದರೂ ಏಳುವುದಿಲ್ಲ. ಸೋಮಾರಿತನ ಮೈಗೆ ಹತ್ತಿಬಿಟ್ಟಿದೆ.

ಅಣ್ಣ, ಹಾಸನ: ಅಂಟಿಸುತ್ತೇನೆ ದೊಡ್ಡಪ್ಪ. ನಾಳೆಯಿಂದಲೇ ಶುರು.

ನಾನು: ಅಣ್ಣ, ಸ್ವಲ್ಪ ತಡೆ. ದೊಡ್ಡಪ್ಪ, ಆ ದಿನಚರಿಯಲ್ಲಿ ನಿದ್ದೆಯನ್ನು ಕೂಡಿಸಿ ನೋಡಿ. ಐದೂವರೆ ಗಂಟೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ಬೇಕು ಎಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲೇ ಹೇಳಿದೆ. ಎಂಟೇ ಸಾಕು ಎಂದುಕೊಂಡರೂ ದಿನಕ್ಕೆ ಎರಡೂವರೆ ಗಂಟೆ ಕೊರತೆ. ಆರು ದಿನಕ್ಕೆ ಹದಿನೈದು ಗಂಟೆ. ಹೆಚ್ಚುಕಡಿಮೆ ಎರಡು ರಾತ್ರಿ ಮಲಗಲೇ ಇಲ್ಲ ಎಂದ ಹಾಗೆ.

ದೊಡ್ಡಪ್ಪ: ಅಮೆರಿಕದ ಲೆಕ್ಕ ನಮಗೇಕೆ ತಾಯಿ? ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಯಲ್ಲಿ ನಿಲ್ಲುತ್ತದೆ. ನಾನು, ನಿಮ್ಮಪ್ಪ ಇಬ್ಬರೂ ಕೋಳಿ ಕೂಗುವ ಮೊದಲೇ ಎದ್ದವರು.

ನಾನು: ಎದ್ದಿರಿ, ನಿಜ. ಮಲಗುತ್ತಿದ್ದುದು ಎಷ್ಟು ಗಂಟೆಗೆ? ಸೀಮೆಎಣ್ಣೆ ಉಳಿಯಲಿ ಎಂದು ಎಂಟಕ್ಕೆಲ್ಲ ಬುಡ್ಡಿ ಆರಿಸುತ್ತಿದ್ದೆ ಎಂದು ಅಜ್ಜಿಯೇ ನನಗೆ ಹೇಳಿದ್ದರು. ಎಂಟರಿಂದ ನಾಲ್ಕೂವರೆಗೆ ಎಂಟೂವರೆ ಗಂಟೆ. ನೀವು ಹೊಟ್ಟೆ ತುಂಬ ನಿದ್ದೆ ಮಾಡಿ ಬೆಳೆದವರು ದೊಡ್ಡಪ್ಪ. ಈಗಿನ ಮಕ್ಕಳಿಗೆ ನಿಮ್ಮ ಬೆಳಗನ್ನು ಕೊಡುತ್ತಿದ್ದೇವೆ, ನಿಮ್ಮ ರಾತ್ರಿಯನ್ನು ಕೊಡುತ್ತಿಲ್ಲ.

ಚಿಕ್ಕಮ್ಮ: ಹಾಗಾದರೆ ಇವರೂ ಎಂಟಕ್ಕೆ ಮಲಗಲಿ, ಬೇಡ ಎಂದವರು ಯಾರು?

ನಾನು: ಮಲಗಿದರೂ ನಿದ್ದೆ ಹತ್ತುವುದಿಲ್ಲ ಚಿಕ್ಕಮ್ಮ. ಕತ್ತಲಾದ ಮೇಲೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಏರಿದಾಗ ಮೈ ನಿದ್ದೆಗೆ ಅಣಿಯಾಗುತ್ತದೆ. ಹರೆಯಕ್ಕೆ ಕಾಲಿಟ್ಟ ಮಕ್ಕಳಲ್ಲಿ ಅದು ಏರುವುದೇ ಒಂದೆರಡು ಗಂಟೆ ತಡ. ಚಿಕ್ಕವನಿದ್ದಾಗ ಒಂಬತ್ತಕ್ಕೆ ನಿಮ್ಮ ತೊಡೆಯ ಮೇಲೆ ತೂಕಡಿಸುತ್ತಿದ್ದ ಹುಡುಗ ಈಗ ಹನ್ನೊಂದಾದರೂ ಎಚ್ಚರವಾಗಿದ್ದರೆ ಅದು ಹಟವಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. ಇದೇ ಕಾರಣಕ್ಕೆ ಕ್ಯಾಲಿಫೋರ್ನಿಯಾದಲ್ಲಿ 2022ರ ಜುಲೈಯಿಂದ ಬಹುತೇಕ ಪ್ರೌಢಶಾಲೆಗಳು ಬೆಳಗ್ಗೆ 8.30ಕ್ಕಿಂತ ಮೊದಲು ಶುರುವಾಗಬಾರದು ಎಂದು ಕಾನೂನೇ ಇದೆ.

ದೊಡ್ಡಪ್ಪ: ನಮಗೆ ಹರೆಯ ಬಂದಿರಲಿಲ್ಲವೇ? ನಮಗೆ ಹೇಗೆ ಎಂಟಕ್ಕೇ ನಿದ್ದೆ ಬರುತ್ತಿತ್ತು?

ನಾನು: ಒಳ್ಳೆಯ ಪ್ರಶ್ನೆ ದೊಡ್ಡಪ್ಪ. ನೀವು ಹಗಲೆಲ್ಲ ಬಿಸಿಲಿನಲ್ಲಿದ್ದಿರಿ, ಆಲೂಗಡ್ಡೆ ಹೊಲದಲ್ಲಿ ಮೈ ದಣಿಯುತ್ತಿತ್ತು, ಸಂಜೆಯಾದರೆ ಊರಿಗೇ ಕತ್ತಲು. ಹಗಲ ಬಿಸಿಲು ಮೈಯೊಳಗಿನ ಗಡಿಯಾರವನ್ನು ಬೇಗ ಓಡಿಸುತ್ತದೆ, ರಾತ್ರಿಯ ಬೆಳಕು ತಡಮಾಡಿಸುತ್ತದೆ. ಇವರು ಹಗಲು ತರಗತಿಯೊಳಗೆ, ಸಂಜೆ ಟ್ಯೂಷನ್‌ನಲ್ಲಿ, ರಾತ್ರಿ ಟ್ಯೂಬ್‌ಲೈಟಿನ ಕೆಳಗೆ. ಕೈಯಲ್ಲಿ ಮೊಬೈಲ್ ಬೇರೆ.

ಅತ್ತಿಗೆ, ಹಾಸನ: ನಾನೊಂದು ಮಾತು ಹೇಳುತ್ತೇನೆ. ಮೊನ್ನೆ ಮಗಳ ಸಮಾಜ ವಿಜ್ಞಾನದ ನೋಟ್‌ಬುಕ್ ತೆಗೆದು ನೋಡಿದೆ. ಒಂದು ವಾಕ್ಯ ಅರ್ಧಕ್ಕೆ ನಿಂತು, ಪೆನ್ನಿನ ಗೆರೆ ಪುಟದ ಅಂಚಿನವರೆಗೂ ಜಾರಿಹೋಗಿದೆ. ಕೆಳಗೆ ಅದೇ ವಾಕ್ಯವನ್ನು ಮೊದಲಿನಿಂದ ಬರೆದಿದ್ದಾಳೆ. ಅದೂ ಅರ್ಧಕ್ಕೇ ಜಾರಿದೆ. ಈಗೀಗ ಮಹಡಿ ಮೆಟ್ಟಿಲು ಹತ್ತಿದರೂ ಏದುಸಿರು ಬಿಡುತ್ತಾಳೆ.

ಅಣ್ಣ: ಇದನ್ನು ನನಗೆ ಹೇಳಲೇ ಇಲ್ಲವಲ್ಲ?

ಅತ್ತಿಗೆ: ಹೇಳಿದ್ದೆ. ಓದಲು ಕಳ್ಳಾಟ ಎಂದಿರಿ.

ನಾನು: ಅತ್ತಿಗೆ, ಏದುಸಿರಿಗೆ ನಿದ್ದೆಯ ಕೊರತೆಯೊಂದೇ ಕಾರಣ ಎಂದು ಬಿಡಬೇಡಿ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಅವಳ ವಯಸ್ಸಿನ ಹುಡುಗಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಹುಡುಗರಲ್ಲೂ ನೂರಕ್ಕೆ 31. ನಮ್ಮ ಆರೋಗ್ಯ ಕೇಂದ್ರಕ್ಕೆ ಬರುವ ತಾಯಂದಿರೂ ಮೊದಲು ಹೇಳುವುದು ಇದೇ: ಮೊದಲು ಚುರುಕಾಗಿದ್ದಳು, ಈಗ ಸೋಮಾರಿಯಾಗಿದ್ದಾಳೆ. ಕೆಳರೆಪ್ಪೆ ಎಳೆದು ನೋಡಿದರೆ ಬಿಳಿಚಿಕೊಂಡಿರುತ್ತದೆ.

ನಾನು: ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಅದು ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ. ನುಂಗುತ್ತಾಳೋ ಇಲ್ಲವೋ ಕೇಳಿ. ಮಲ ಕಪ್ಪಾಗುತ್ತದೆ ಎಂದು ಹೆದರಿ ಎಷ್ಟೋ ಮಕ್ಕಳು ಕಿಟಕಿಯಾಚೆ ಎಸೆಯುತ್ತಾರೆ. ಕಪ್ಪಾಗುವುದು ಸಹಜ. ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಅದರ ಹಿಂದೆಯೇ ಕಾಫಿ, ಟೀ ಬೇಡ, ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ. ರಕ್ತಹೀನತೆ ಇದ್ದರೆ ವಾರದ ಮಾತ್ರೆ ಸಾಲದು, ಎಷ್ಟು ಬೇಕೆಂದು ವೈದ್ಯರು ಹೇಳುತ್ತಾರೆ.

ಅತ್ತಿಗೆ: ನಿದ್ದೆ ತಡೆಯಲೆಂದು ನಾನೇ ದಿನಕ್ಕೆ ನಾಲ್ಕು ಲೋಟ ಕಾಫಿ ಕೊಡುತ್ತಿದ್ದೆ.

ಚಿಕ್ಕಮ್ಮ: ನಮ್ಮವನು ಮೂರು ತಿಂಗಳಿಂದ ಸರಿಯಾಗಿ ಮಾತೇ ಆಡುತ್ತಿಲ್ಲ. ಚೆಂಡಾಟಕ್ಕೂ ಹೋಗುತ್ತಿಲ್ಲ. ಅದೂ ವಯಸ್ಸೇ ಎಂದುಕೊಂಡಿದ್ದೆ.

ನಾನು: ಚಿಕ್ಕಮ್ಮ, ಇದನ್ನು ಹಾಗೆ ಬಿಡುವುದು ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್ ಇರುತ್ತದೆ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ್ದು. ಕರೆದುಕೊಂಡು ಹೋಗಿ, ಆದರೆ ನೀವು ಹೊರಗೆ ಕುಳಿತುಕೊಳ್ಳಿ. ಅಮ್ಮ ಪಕ್ಕದಲ್ಲಿದ್ದರೆ ಆ ವಯಸ್ಸಿನ ಹುಡುಗ ಏನನ್ನೂ ಬಾಯಿ ಬಿಡುವುದಿಲ್ಲ. ಬರುವುದೇ ಇಲ್ಲ ಎಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವನಿಗೆ ಕೊಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ. ನಾನೂ ರಾತ್ರಿ ನಿಮಗೆ ಕರೆ ಮಾಡುತ್ತೇನೆ.

ದೊಡ್ಡಪ್ಪ: ಎಲ್ಲ ಸರಿ. ಮಾರ್ಚ್ ಬಂದೇಬಿಡುತ್ತದೆ. ಓದುವುದು ಯಾವಾಗ?

ನಾನು: ಟ್ಯೂಷನ್ ಒಂದನ್ನು ಬಿಡಿಸಿದರೆ ಸಂಜೆ ಆರೂವರೆಯಿಂದ ಒಂಬತ್ತೂವರೆ ಸಿಗುತ್ತದೆ. ಹತ್ತಕ್ಕೆ ದೀಪ ಆರಿಸಿ, ಮೊಬೈಲ್ ಅಪ್ಪ ಅಮ್ಮನ ಕೋಣೆಯಲ್ಲಿರಲಿ. ಬೆಳಗ್ಗೆ ಆರಕ್ಕೆ ಏಳಲಿ. ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದೇ ನಿದ್ದೆಯಲ್ಲಿ. ನಿದ್ದೆ ಕಿತ್ತುಕೊಂಡು ಓದಿಸಿದರೆ ತೂತು ಬಿದ್ದ ಕೊಡಕ್ಕೆ ನೀರು ಹೊಯ್ದ ಹಾಗೆ.

ದೊಡ್ಡಪ್ಪ: ನಾನು ಆರು ಗಂಟೆಯನ್ನು ಒಪ್ಪುವುದಿಲ್ಲ. ಐದೂವರೆ ಮಾಡಿ.

ಅತ್ತಿಗೆ: ಹಾಗಾದರೆ ಒಂಬತ್ತೂವರೆಗೆ ಮಲಗಿಸುತ್ತೇನೆ ಮಾವ.

ದೊಡ್ಡಪ್ಪ: ಹಾಗೇ ಮಾಡು.

ಅಣ್ಣ: ನಾಳೆ ಶಾಲೆಗೆ ರಜೆ ಹೇಳಿ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ?

ನಾನು: ಬೇಡ ಅಣ್ಣ. ನಿದ್ದೆ ಮುಗಿಸಿ ತಾನೇ ಏಳಲಿ, ತಿಂಡಿ ತಿನ್ನಿಸಿ ಕರೆದುಕೊಂಡು ಹೋಗು.